‘ಕನ್ನಡದಾಗ ಆಗಂಗಿಲ್ಲ’ ಅನ್ನುವ ಅಣ್ಣಂದಿರಿಗೆ

ನಾಲ್ಕು ತಾಲ್ಲೂಕುಗಳಲ್ಲೂ ನಮಗೆ ಒಂದೇ ಮಾತು ಕೇಳಿಸುತ್ತಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿಯಾದರೂ ಸರಿ, ಒಬ್ಬ ಹುಡುಗನೋ ಹುಡುಗಿಯೋ ತಾನು ಬರೆದ ವರದಿಗಳನ್ನೆಲ್ಲ ಕೂಡಿಸಿ ಸ್ವಂತದ್ದೊಂದು ಸ್ಟ್ಯಾಟಿಕ್ ತಾಣ ಕಟ್ಟಲು ಕೂಡುತ್ತಾರೆ. ಎರಡನೇ ದಿನಕ್ಕೆ ಏನೋ ಒಂದು ಕೆಡುತ್ತದೆ. ಪುಟ ಬರುವುದಿಲ್ಲ, ಬಂದರೂ ಅಕ್ಷರ ಒಡೆದಿರುತ್ತದೆ. ಆಗ ಕಂಪ್ಯೂಟರ್ ಬಲ್ಲ ಅಣ್ಣನೊಬ್ಬನಿಗೆ ಫೋನು ಹೋಗುತ್ತದೆ. ಅಣ್ಣ ಕಡತ ತೆರೆಯುವುದಿಲ್ಲ, ಪರದೆಯ ಮೇಲೆ ಬಂದ ದೋಷದ ಸಾಲನ್ನು ಓದಿಸಿ ಕೇಳುವುದೂ ಇಲ್ಲ. ‘ತಮ್ಮಾ, ಅದು ಕನ್ನಡದಾಗ ಆಗಂಗಿಲ್ಲ. ಫೇಸ್‌ಬುಕ್ಕಿನಾಗ ಹಾಕಿ ಬಿಡು’ ಎಂದು ಇಟ್ಟುಬಿಡುತ್ತಾನೆ.

ಈ ಬರಹ ಆ ಅಣ್ಣಂದಿರ ವಿರುದ್ಧ. ಅವರ ಜೊತೆಗೆ, ಇಂದಿಗೂ ‘ಕಾಪಿ ನುಡಿಯಲ್ಲೇ ಕಳಿಸಿ’ ಎಂದು ಹಟ ಹಿಡಿದಿರುವ ಡೆಸ್ಕುಗಳ ವಿರುದ್ಧ. ಗೆಳೆಯರ ಕೆಟ್ಟ ತಾಣಗಳನ್ನು ಬಿಚ್ಚಿ ನೋಡಿದಾಗಲೆಲ್ಲ ನಮಗೆ ಕಂಡದ್ದು ಇದು: ಕೆಡುವುದಕ್ಕೆ ಪ್ರತಿ ಸಲವೂ ಒಂದು ಕಾರಣವಿತ್ತು, ಆ ಕಾರಣಕ್ಕೆ ಒಂದು ಹೆಸರಿತ್ತು, ಬಹುಪಾಲು ಹತ್ತು ನಿಮಿಷದ ಪರಿಹಾರವೂ ಇತ್ತು. ‘ಕನ್ನಡ’ ಎಂಬುದು ಒಮ್ಮೆಯೂ ಕಾರಣವಾಗಿರಲಿಲ್ಲ.

ಗೊತ್ತಿಲ್ಲದವರಿಗಾಗಿ ಒಂದು ಮಾತು. ಸ್ಟ್ಯಾಟಿಕ್ ತಾಣವೆಂದರೆ ಬರೆದಿಟ್ಟ ಪಠ್ಯದ ಕಡತಗಳಿಂದ ಮೊದಲೇ ಪುಟಗಳನ್ನು ತಯಾರಿಸಿ ಇಡುವುದು. ಹಿಂದೆ ಡೇಟಾಬೇಸ್ ಇಲ್ಲ, ಪಾಸ್‌ವರ್ಡ್ ಕದ್ದು ಒಳಗೆ ಹೊಕ್ಕಲು ಲಾಗಿನ್ ಪುಟವಿಲ್ಲ, ತಿಂಗಳ ಬಾಡಿಗೆ ಕೇಳುವವರಿಲ್ಲ. 2008ರಲ್ಲಿ ಬಂದ ಜೆಕಿಲ್, 2013ರಲ್ಲಿ ಬಂದ ಹ್ಯೂಗೋ ಈ ಕೆಲಸ ಮಾಡುವ ಪುಕ್ಕಟೆ ಸಲಕರಣೆಗಳು. ಗಿಟ್‌ಹಬ್‌ನಂಥ ಕಡೆ ಕಡತಗಳನ್ನು ಏರಿಸಿದರೆ ತಾಣ ತಾನೇ ಕಟ್ಟಿಕೊಂಡು ನಿಲ್ಲುತ್ತದೆ. ಆ ಜಾಗ ಬೇಡವಾದರೆ ಕಡತಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಇನ್ನೊಂದು ಕಡೆ ಹೋಗಬಹುದು. ಕಾಲಂ ಸೆಂಟಿಮೀಟರ್ ಲೆಕ್ಕದಲ್ಲಿ ದುಡ್ಡು ಪಡೆಯುವ ಬಿಡಿ ಸುದ್ದಿಗಾರರಿಗೆ ಇದಕ್ಕಿಂತ ಹೊಂದುವ ವ್ಯವಸ್ಥೆ ಇನ್ನೊಂದಿಲ್ಲ.

ಈಗ ನಮ್ಮ ಬರಹ ಎಲ್ಲಿದೆ, ನೋಡಿ. ಹತ್ತು ವರ್ಷದ ಹಿಂದೆ ಕಾಲುವೆಯ ಕೊನೆಯ ಹಳ್ಳಿಗೆ ನೀರು ಬರಲಿಲ್ಲವೆಂದು ಬರೆದ ವರದಿ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬಂತು, ರದ್ದಿಗೆ ಹೋಯಿತು. ಇ-ಪೇಪರ್ ಇದ್ದರೆ ಅದು ಚಿತ್ರ. ಹುಡುಕಿದರೆ ಸಿಗುವ ಅಕ್ಷರ ಅದರಲ್ಲಿಲ್ಲ. ಫೇಸ್‌ಬುಕ್ಕಿನಲ್ಲಿ ಹಾಕಿದ್ದು ಮೂರನೇ ದಿನಕ್ಕೆ ಕೆಳಗಿಳಿಯಿತು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದ ಪಿಡಿಎಫ್ ಫೋನು ಬದಲಿಸಿದಾಗ ಹೋಯಿತು. ಅದೇ ಹಳ್ಳಿಗೆ ಇವತ್ತೂ ನೀರು ಬಂದಿಲ್ಲವೆಂದಾಗ ‘ಇದನ್ನು ಮೊದಲೂ ಬರೆದಿದ್ದೆವು’ ಎಂದು ಅಧಿಕಾರಿಯ ಮೇಜಿನ ಮೇಲೆ ಇಡಲು ನಮ್ಮ ಹತ್ತಿರ ಒಂದು ಹಾಳೆ ಇರುವುದಿಲ್ಲ. ತಾಣ ಕಟ್ಟುವ ಹುಡುಗರು ಶೋಕಿಗೆ ಕಟ್ಟುತ್ತಿಲ್ಲ.

ಮೊದಲ ಮತ್ತು ದೊಡ್ಡ ರೋಗದಿಂದಲೇ ಶುರು ಮಾಡೋಣ. ನುಡಿಯಲ್ಲಿ ಹೊಡೆದ ಹಳೆಯ ಕಡತವನ್ನು ನಕಲು ಮಾಡಿ ಮಾರ್ಕ್‌ಡೌನ್ ಕಡತಕ್ಕೆ ಅಂಟಿಸಿದರೆ ಪುಟದಲ್ಲಿ ‘ಕನ್ನಡ’ ಎಂಬ ಪದ ಹೇಗೆ ಕಾಣುತ್ತದೆ ಗೊತ್ತೇ? ಇಂಗ್ಲಿಷಿನ ಪಿ, ಆಮೇಲೆ ತಲೆಮೇಲೆ ಓರೆ ಗೆರೆ ಹೊತ್ತ ಎ, ಆಮೇಲೆ ಬ್ರಿಟನ್ನಿನ ಪೌಂಡ್ ಚಿಹ್ನೆ. ಇದನ್ನು ಕಂಡೊಡನೆ ಅಣ್ಣ ‘ನೋಡು, ಕನ್ನಡ ಬರ್ತಿಲ್ಲ’ ಎನ್ನುತ್ತಾನೆ. ಬರದಿರುವುದಕ್ಕೆ ಕಾರಣ, ಆ ಕಡತದಲ್ಲಿ ಕನ್ನಡ ಇಲ್ಲವೇ ಇಲ್ಲ. ಹಳೆಯ ನುಡಿ ಫಾಂಟುಗಳು ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳ ಚಿತ್ರ ಕೂರಿಸಿದಂಥವು. ಕಂಪ್ಯೂಟರಿಗೆ ಕಾಣುವುದು ಲ್ಯಾಟಿನ್ ಅಕ್ಷರ, ಫಾಂಟು ಹಾಕಿದಾಗ ನಮಗೆ ಕಾಣುವುದು ಕನ್ನಡದ ವೇಷ. ಫಾಂಟು ತೆಗೆದರೆ ವೇಷ ಕಳಚುತ್ತದೆ. ಸ್ಟ್ಯಾಟಿಕ್ ತಾಣದ ಸಲಕರಣೆ ಶುದ್ಧ ಪಠ್ಯವನ್ನಷ್ಟೇ ಓದುತ್ತದೆ, ಆದ್ದರಿಂದ ಇದ್ದದ್ದನ್ನು ಇದ್ದಹಾಗೆ ತೋರಿಸುತ್ತದೆ. ಅದನ್ನು ಬಯ್ದು ಏನು ಬಂತು?

ಪರಿವರ್ತಕ ಹಾಕಿದರೆ ಸರಿಹೋಗುತ್ತದಲ್ಲ ಎನ್ನುವವರು ಪರಿವರ್ತಿಸಿದ್ದನ್ನು ಒಮ್ಮೆ ಓದಿ ನೋಡಬೇಕು. ನುಡಿಯಲ್ಲಿ ಅರ್ಕಾವೊತ್ತನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಕ್ಷರ ಮುಗಿದ ಮೇಲೆ ಹೊಡೆದಿರುತ್ತದೆ. ಯೂನಿಕೋಡಿನಲ್ಲಿ ‘ರ್’ ಉಚ್ಚಾರದ ಕ್ರಮದಲ್ಲಿ ಮುಂದೆ ಬರಬೇಕು. ಇದನ್ನು ತಿಳಿಯದ ಪರಿವರ್ತಕ ‘ವರ್ಷ’ವನ್ನು ಹಾಳು ಮಾಡುತ್ತದೆ. ಅದಕ್ಕಿಂತ ಕೆಟ್ಟದ್ದು ನಡುವೆ ಬಂದ ಇಂಗ್ಲಿಷ್. ವರದಿಯೊಳಗೆ ಎಫ್‌ಐಆರ್ ಕ್ರಮಾಂಕವನ್ನೋ ಯೋಜನೆಯ ಹೆಸರನ್ನೋ ಇಂಗ್ಲಿಷಿನಲ್ಲಿ ಬರೆದಿದ್ದರೆ, ಪಠ್ಯ ನಕಲು ಮಾಡಿದ ಕ್ಷಣವೇ ಅಲ್ಲಿ ಯಾವ ಫಾಂಟು ಇತ್ತು ಎಂಬ ಗುರುತು ಅಳಿಸಿಹೋಗುತ್ತದೆ. ಪರಿವರ್ತಕ ಅದನ್ನೂ ನುಡಿ ಎಂದೇ ತಿಳಿದು ಕನ್ನಡಕ್ಕೆ ತಿರುಗಿಸುತ್ತದೆ. ಕೊನೆಗೆ ವರದಿಯಲ್ಲಿ ಉಳಿಯಬೇಕಿದ್ದ ಒಂದೇ ಒಂದು ಪುರಾವೆ ಅರ್ಥವಿಲ್ಲದ ಕನ್ನಡ ಅಕ್ಷರಗಳ ಸರವಾಗಿ ನಿಲ್ಲುತ್ತದೆ. ಹಳೆಯದನ್ನು ಪರಿವರ್ತಿಸುವವರು ಅರ್ಕಾವೊತ್ತು ಮತ್ತು ಇಂಗ್ಲಿಷ್ ಬಂದ ಸಾಲುಗಳನ್ನು ಮುದ್ರಿತ ತುಣುಕಿನ ಜೊತೆ ಇಟ್ಟು ಓದಲೇಬೇಕು. ಬೇರೆ ದಾರಿಯಿಲ್ಲ.

ಇದು ಯಾರ ತಪ್ಪು? 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಕನ್ನಡ ಇತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗ’ ಎಂಬ ಕನ್ನಡ ಫಾಂಟೇ ಬಂತು. ಪುಟ ವಿನ್ಯಾಸದ ತಂತ್ರಾಂಶ ಯೂನಿಕೋಡ್ ಕನ್ನಡವನ್ನು ಜೋಡಿಸುವುದಿಲ್ಲ ಎಂಬ ಸಬೂಬು ಒಂದು ಕಾಲಕ್ಕೆ ನಿಜವಾಗಿತ್ತು. ಆದರೆ 2012ರ ಇನ್‌ಡಿಸೈನ್ ಸಿಎಸ್6ರಲ್ಲಿ ಕನ್ನಡವೂ ಸೇರಿ ಭಾರತದ ಹತ್ತು ಭಾಷೆಗಳಿಗೆ ಬೆಂಬಲ ಬಂದಾಯಿತು. ಅದಾದ ಮೇಲೂ ಹಳ್ಳಿಯ ಸುದ್ದಿಗಾರನಿಂದ ನುಡಿ ಕಾಪಿ ಕೇಳುವುದು ಅಭ್ಯಾಸಬಲ. ಡೆಸ್ಕಿನ ಐದು ನಿಮಿಷ ಉಳಿಸಲು ಸುದ್ದಿಗಾರನ ಇಡೀ ಜೀವಮಾನದ ಬರಹವನ್ನು ಓದಲಾಗದ ಲಿಪಿಯಲ್ಲಿ ಹೂಳಿಸುವುದು. ನುಡಿ ಕಟ್ಟಿದವರನ್ನು ನಾವು ದೂರುವುದಿಲ್ಲ. ಕನ್ನಡದಲ್ಲಿ ಟೈಪು ಮಾಡುವುದೇ ಕಷ್ಟವಾಗಿದ್ದಾಗ ಗಣಕ ಪರಿಷತ್ತು ದೊಡ್ಡ ಕೆಲಸ ಮಾಡಿತು, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಿಂದಲೇ ನಮ್ಮ ಬೆರಳು ಇಂದಿಗೂ ಓಡುತ್ತವೆ. ಅದೇ ಕೀಲಿಮಣೆಯಲ್ಲಿ ಯೂನಿಕೋಡ್ ಹೊಡೆಯಲು ಬರುತ್ತದೆ ಎಂಬುದನ್ನು ಡೆಸ್ಕಿನವರು ಯಾಕೆ ಹೇಳಿಕೊಡಲಿಲ್ಲ ಎಂಬುದಷ್ಟೇ ನಮ್ಮ ಜಗಳ.

ಎರಡನೆಯ ದೋಷ ಕೇಳಿದರೆ ನಗು ಬರುತ್ತದೆ. ಯೂನಿಕೋಡಿನಲ್ಲೇ ಶುದ್ಧವಾಗಿ ಬರೆದಿದ್ದಾರೆ, ಆದರೂ ತಾಣ ಕಟ್ಟುವುದಿಲ್ಲ. ಕಡತದ ತಲೆಭಾಗ ನೋಡಿದರೆ ಶೀರ್ಷಿಕೆಯ ಸಾಲಿನಲ್ಲಿ ‘ಇಂಡಿ: ಲಿಂಬೆ ಬೆಳೆಗಾರರ ಧರಣಿ’ ಎಂದಿದೆ. ನಮ್ಮ ಪತ್ರಿಕಾ ಕನ್ನಡದ ಹುಟ್ಟುಗುಣ ಇದು: ಊರ ಹೆಸರು, ಎರಡು ಚುಕ್ಕೆ, ಆಮೇಲೆ ಸುದ್ದಿ. ತಲೆಭಾಗ ಬರೆಯುವ ಯಾಮಲ್ ಎಂಬ ಪದ್ಧತಿಯಲ್ಲಿ ಎರಡು ಚುಕ್ಕೆ ಮತ್ತು ಒಂದು ಖಾಲಿ ಜಾಗ ಬಂದರೆ ‘ಎಡಗಡೆಯದು ಹೆಸರು, ಬಲಗಡೆಯದು ಅದರ ಬೆಲೆ’ ಎಂದರ್ಥ. ಒಂದೇ ಸಾಲಿನಲ್ಲಿ ಎರಡು ಸಲ ಹಾಗೆ ಬಂದರೆ ಅದು ಕೈಚೆಲ್ಲುತ್ತದೆ. ಇನ್ನು ‘ನೀರು ಬಿಡಿ’ ಎಂದು ನೇರ ಉಲ್ಲೇಖ ಚಿಹ್ನೆಯಿಂದ ಶುರುವಾಗುವ ಶೀರ್ಷಿಕೆಯಾದರಂತೂ ಉಲ್ಲೇಖ ಮುಚ್ಚಿದಲ್ಲಿಗೇ ಶೀರ್ಷಿಕೆ ಮುಗಿಯಿತೆಂದು ತಿಳಿದು, ಉಳಿದದ್ದನ್ನು ಕಂಡು ಗಾಬರಿಯಾಗುತ್ತದೆ. ಇಡೀ ಶೀರ್ಷಿಕೆಯನ್ನು ಜೋಡಿ ಉಲ್ಲೇಖ ಚಿಹ್ನೆಯೊಳಗೆ ಇಟ್ಟರೆ ಮುಗಿಯಿತು. ತಲೆಭಾಗದ ಸಾಲಿನ ಮುಂದೆ ಟ್ಯಾಬ್ ಒತ್ತಬಾರದು, ಸ್ಪೇಸ್ ಒತ್ತಬೇಕು. ಇಂಗ್ಲಿಷಿನಲ್ಲಿ ಬರೆದರೂ ಇದೇ ದೋಷ, ಇದೇ ಪರಿಹಾರ. ಆದರೆ ಕನ್ನಡದ ಹುಡುಗನಿಗೆ ಮಾತ್ರ ‘ಕನ್ನಡದಾಗ ಆಗಂಗಿಲ್ಲ’ ಎಂಬ ಉತ್ತರ.

ಹಳೆಯ ಕಂಪ್ಯೂಟರಿನ ನೋಟ್‌ಪ್ಯಾಡ್ ಇನ್ನೊಂದು ಕಿತಾಪತಿ ಮಾಡುತ್ತದೆ. ಯುಟಿಎಫ್-8 ಎಂದು ಆರಿಸಿ ಉಳಿಸಿದರೂ ಕಡತದ ಮೊದಲಿಗೆ ಕಾಣದ ಗುರುತೊಂದನ್ನು ಸೇರಿಸುತ್ತದೆ. ಅದಕ್ಕೆ ಬಿಒಎಂ ಎನ್ನುತ್ತಾರೆ. ಅದಿದ್ದರೆ ಭಾರೀ ಅನಾಹುತವಾಗುತ್ತದೆ ಎಂದು ಜೆಕಿಲ್‌ನವರೇ ತಮ್ಮ ಕೈಪಿಡಿಯಲ್ಲಿ ಎಚ್ಚರಿಸಿದ್ದಾರೆ. 2019ರ ವಿಂಡೋಸ್ 10 ಆವೃತ್ತಿಯಿಂದ ನೋಟ್‌ಪ್ಯಾಡ್ ಆ ಗುರುತಿಲ್ಲದೆಯೇ ಉಳಿಸುತ್ತದೆ. ಅದಕ್ಕಿಂತ ಹಳೆಯದಾದರೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಹಾಕಿಕೊಳ್ಳಿ, ಬಿಒಎಂ ಇಲ್ಲದ ಯುಟಿಎಫ್-8 ಆರಿಸಿ.

‘ಬರೆದೆ, ಏರಿಸಿದೆ, ದೋಷವೂ ಬರಲಿಲ್ಲ, ಆದರೆ ಸುದ್ದಿ ಕಾಣ್ತಿಲ್ರೀ’ ಎನ್ನುವವರು ಗಡಿಯಾರ ನೋಡಬೇಕು. ಬೆಳಿಗ್ಗೆ ಹತ್ತಕ್ಕೆ ಬರೆದು ತಲೆಭಾಗದಲ್ಲಿ ಹತ್ತು ಗಂಟೆ ಎಂದು ನಮೂದಿಸಿದರೆ, ಬೇರೆ ಏನೂ ಹೇಳದಿದ್ದಾಗ ಹ್ಯೂಗೋ ಅದನ್ನು ಗ್ರೀನಿಚ್ ಕಡೆಯ ಹತ್ತು ಗಂಟೆ ಎಂದು ತಿಳಿಯುತ್ತದೆ. ಅಲ್ಲಿ ಹತ್ತಾಗುವುದು ನಮ್ಮ ಮಧ್ಯಾಹ್ನ ಮೂರೂವರೆಗೆ. ಮುಂದಿನ ಸಮಯದ ಬರಹವನ್ನು ಕಟ್ಟಬಾರದು ಎಂಬುದು ಅದರ ನಿಯಮ, ಆದ್ದರಿಂದ ಬಾಯಿ ಮುಚ್ಚಿಕೊಂಡು ಬಿಟ್ಟುಬಿಡುತ್ತದೆ. ಮೂರೂವರೆ ದಾಟಿದ ಮೇಲೂ ತಾನಾಗಿ ಬರುವುದಿಲ್ಲ, ಮತ್ತೊಮ್ಮೆ ಕಟ್ಟಿಸಬೇಕು. ಸಮಯದ ಪಕ್ಕ ಪ್ಲಸ್ 05:30 ಎಂದು ಬರೆಯಿರಿ, ಇಲ್ಲವೇ ತಾಣದ ಸಂರಚನೆಯಲ್ಲಿ ಕಾಲವಲಯವನ್ನು ಏಷ್ಯಾ-ಕೋಲ್ಕತ್ತಾ ಎಂದು ಕೊಡಿ. ಜೆಕಿಲ್ ಬಳಸುವವರಿಗೂ ಇದೇ ಮದ್ದು. ಜೊತೆಗೆ ಜೆಕಿಲ್‌ನಲ್ಲಿ ಕಡತದ ಹೆಸರು ವರ್ಷ-ತಿಂಗಳು-ದಿನ ಎಂದೇ ಶುರುವಾಗಬೇಕು, ನಮ್ಮ ರೂಢಿಯಂತೆ ದಿನ-ತಿಂಗಳು-ವರ್ಷ ಬರೆದರೆ ಅದು ಕಣ್ಣೆತ್ತಿಯೂ ನೋಡುವುದಿಲ್ಲ.

ಈಗ ನಮಗೆ ನಿಜವಾಗಿ ಸಿಟ್ಟು ಬರುವ ವಿಷಯಕ್ಕೆ ಬರೋಣ. ಊರ ಹೆಸರು.

ಶೀರ್ಷಿಕೆಯಿಂದ ವಿಳಾಸದ ತುದಿಯನ್ನು ಹಲವು ಸಲಕರಣೆಗಳು ತಾವೇ ತಯಾರಿಸುತ್ತವೆ. ಹಾಗೆ ತಯಾರಿಸುವಾಗ ‘ಪದದಲ್ಲಿ ಬರುವ ಅಕ್ಷರ ಯಾವುದು, ಬೇಡದ ಚಿಹ್ನೆ ಯಾವುದು’ ಎಂದು ಸೋಸುವ ಸೂತ್ರವೊಂದಿರುತ್ತದೆ. ಪೈಥಾನ್ ಭಾಷೆಯ ಮೂಲ ಸೂತ್ರ ಕನ್ನಡದ ವ್ಯಂಜನವನ್ನು ಅಕ್ಷರವೆಂದು ಒಪ್ಪುತ್ತದೆ. ಕಾಗುಣಿತದ ಚಿಹ್ನೆ, ಅನುಸ್ವಾರ, ಅರ್ಧಾಕ್ಷರದ ಗುರುತು ಇವನ್ನು ಒಪ್ಪುವುದಿಲ್ಲ. ಅದನ್ನು ನೆಚ್ಚಿದ ತಾಣದಲ್ಲಿ ಸಿಂದಗಿ ‘ಸದಗ’ ಆಗುತ್ತದೆ. ಇಂಡಿ ‘ಇಡ’. ಮುದ್ದೇಬಿಹಾಳ ‘ಮದದಬಹಳ’. ಬಸವನ ಬಾಗೇವಾಡಿಯಲ್ಲಿ ಬಸವಣ್ಣನ ಪುಣ್ಯದಿಂದ ‘ಬಸವನ’ ಹಾಗೇ ಉಳಿದು ಬಾಗೇವಾಡಿ ‘ಬಗವಡ’ ಆಗುತ್ತದೆ. ಜಾವಾಸ್ಕ್ರಿಪ್ಟಿನ ಅದೇ ಸೂತ್ರ ಇನ್ನೂ ಒಂದು ಹೆಜ್ಜೆ ಮುಂದೆ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರ, ಹತ್ತು ಅಂಕಿ, ಒಂದು ಅಡಿಗೆರೆ ಬಿಟ್ಟು ಬೇರೆ ಯಾವುದನ್ನೂ ಅದು ಪದದ ಭಾಗವೆಂದು ಎಣಿಸುವುದೇ ಇಲ್ಲ. ಲೂನರ್ ಎಂಬ ಹುಡುಕುವ ಸಲಕರಣೆಯನ್ನು ಬಹಳ ವಿನ್ಯಾಸಗಳಲ್ಲಿ ಜೋಡಿಸಿಟ್ಟಿರುತ್ತಾರೆ. ಅದು ಪದದ ಎರಡೂ ತುದಿಯನ್ನು ಈ ಸೂತ್ರದಿಂದ ಕೆರೆಯುತ್ತದೆ. ಕನ್ನಡ ಪದವಾದರೆ ಕೆರೆದು ಕೆರೆದು ಏನೂ ಉಳಿಯುವುದಿಲ್ಲ. ಸಾವಿರ ವರದಿ ಇರುವ ತಾಣದಲ್ಲಿ ‘ಕಾಲುವೆ’ ಎಂದು ಹುಡುಕಿದರೆ ಸೊನ್ನೆ ಉತ್ತರ ಬರುವುದು ಇದರಿಂದ. ಆ ಕೆರೆಯುವ ಹಂತವನ್ನು ತೆಗೆದುಹಾಕಿದರೆ ಹುಡುಕಾಟ ನಡೆಯುತ್ತದೆ.

ಈ ಸೂತ್ರ ಬರೆದವರಿಗೆ ಕನ್ನಡದ ಮೇಲೆ ದ್ವೇಷವೇನಿಲ್ಲ, ಕನ್ನಡ ಅವರ ಕಣ್ಣಿಗೆ ಬಿದ್ದಿಲ್ಲ ಅಷ್ಟೆ. ಹಿಂದಿಗೂ ತಮಿಳಿಗೂ ಇದೇ ಪಾಡು. ಆದರೆ ‘ಸದಗ’ ಕಂಡಾಗ ಇದು ಸಲಕರಣೆಯ ದೋಷ ಎಂದು ಹೇಳದೆ ‘ಕನ್ನಡದಲ್ಲಿ ಆಗಂಗಿಲ್ಲ’ ಎನ್ನುವವನಿಗೆ ಏನು ಅನ್ನಬೇಕು? ಅಂಗಿ ಹೊಲಿದವನು ತೋಳು ಮರೆತರೆ ತೊಟ್ಟವನ ಕೈ ಕತ್ತರಿಸಲು ಹೇಳಿದ ಹಾಗೆ.

ಹಾಗಾದರೆ ವಿಳಾಸ ಹೇಗಿರಬೇಕು? ಇಲ್ಲಿ ನಮ್ಮೊಳಗೇ ಎರಡು ಗುಂಪಿದೆ. ಪೂರ್ತಿ ಕನ್ನಡದಲ್ಲೇ ಇರಲಿ ಎನ್ನುವವರ ಅಭಿಮಾನ ದೊಡ್ಡದು. ಆದರೆ ಕನ್ನಡದ ಒಂದೊಂದು ಚಿಹ್ನೆಯೂ ಯುಟಿಎಫ್-8ರಲ್ಲಿ ಮೂರು ಬೈಟು, ವಿಳಾಸವನ್ನು ನಕಲು ಮಾಡಿದಾಗ ಒಂದೊಂದು ಬೈಟೂ ಶೇಕಡಾ ಚಿಹ್ನೆಯ ಜೊತೆ ಮೂರು ಅಕ್ಷರವಾಗುತ್ತದೆ. ‘ಇಂಡಿ’ ಎಂಬ ಎರಡಕ್ಷರದ ಊರಿನಲ್ಲಿ ನಾಲ್ಕು ಚಿಹ್ನೆಗಳಿವೆ, ವಾಟ್ಸ್‌ಆ್ಯಪ್‌ಗೆ ಅಂಟಿಸಿದರೆ ಮೂವತ್ತಾರು ಅಕ್ಷರದ ಬಾಲವಾಗುತ್ತದೆ. ಇಡೀ ಶೀರ್ಷಿಕೆ ಹಾಕಿದರೆ ಆ ಬಾಲ ನೋಡಿ ಓದುಗ ಇದ್ಯಾವುದೋ ಮೋಸದ ಲಿಂಕು ಎಂದು ಹೆದರುತ್ತಾನೆ. ಇಂಗ್ಲಿಷ್ ಅಕ್ಷರದಲ್ಲಿರಲಿ ಎನ್ನುವವರಿಗೆ ನಮ್ಮ ಪ್ರಶ್ನೆ: ಸಿಂದಗಿಗೆ ಇಂಗ್ಲಿಷಿನಲ್ಲಿ ಎಷ್ಟು ಕಾಗುಣಿತ? ಒಬ್ಬ ನಡುವೆ ‘ಎ’ ಹಾಕುತ್ತಾನೆ, ಒಬ್ಬ ಬಿಡುತ್ತಾನೆ. ಬಾಗೇವಾಡಿಗೆ ಒಬ್ಬ ‘ಡಬ್ಲ್ಯು’, ಇನ್ನೊಬ್ಬ ‘ವಿ’.

ಇಷ್ಟಕ್ಕೂ ಊರ ಹೆಸರನ್ನೇ ವಿಳಾಸದಲ್ಲಿ ಇಡುವುದು ನಮ್ಮ ಜಿಲ್ಲೆಯಲ್ಲಿ ತಲೆನೋವು. ಬಹಳ ಜನ ತಾಲ್ಲೂಕಿನ ಹೆಸರಿನ ಫೋಲ್ಡರ್ ಮಾಡಿ, ಅದರೊಳಗೆ ವರದಿ ಇಟ್ಟು, ವಿಳಾಸವೂ ಅದರಂತೆ ಬರುವ ಹಾಗೆ ಕಟ್ಟುತ್ತಾರೆ. ನೋಡಲು ಚಂದ. ಆದರೆ 2017ರ ಬಜೆಟ್ಟಿನಲ್ಲಿ ಹೊಸ ತಾಲ್ಲೂಕುಗಳ ಘೋಷಣೆಯಾಗಿ ಮುಂದಿನ ವರ್ಷ ಜಾರಿಗೆ ಬಂದಾಗ ಏನಾಯಿತು? ಇಂಡಿಯಿಂದ ಚಡಚಣ ಹೋಯಿತು. ಸಿಂದಗಿಯಿಂದ ದೇವರ ಹಿಪ್ಪರಗಿ ಹೋಯಿತು. ಮುದ್ದೇಬಿಹಾಳದಿಂದ ತಾಳಿಕೋಟೆ. ಬಸವನ ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ. ಆಲಮಟ್ಟಿ ಅಣೆಕಟ್ಟು ಇದ್ದಲ್ಲೇ ಇದೆ, ತಾಲ್ಲೂಕು ಮಾತ್ರ ಬಾಗೇವಾಡಿಯಿಂದ ನಿಡಗುಂದಿಗೆ ಬದಲಾಗಿದೆ. ಹಳೆಯ ವರದಿಯನ್ನು ಹೊಸ ಫೋಲ್ಡರಿಗೆ ಸರಿಸಿದರೆ ಹಿಂದೆ ಯಾರೋ ಉಳಿಸಿಕೊಂಡ ಲಿಂಕು ಒಡೆಯುತ್ತದೆ, ಸರಿಸದಿದ್ದರೆ ತಾಳಿಕೋಟೆಯವರು ತಮ್ಮ ಊರಿನ ಸುದ್ದಿ ಹುಡುಕಿ ಬೇರೆ ತಾಲ್ಲೂಕಿಗೆ ಹೋಗಬೇಕು. ಜಿಲ್ಲೆಯ ಹೆಸರೇ 2014ರ ನವೆಂಬರ್ 1ರಂದು ಬಿಜಾಪುರದಿಂದ ವಿಜಯಪುರವಾಯಿತು. ಛತ್ತೀಸಗಡದಲ್ಲಿ ಇನ್ನೊಂದು ಬಿಜಾಪುರ ಇದೆ, ದೇವನಹಳ್ಳಿ ಕಡೆ ಇನ್ನೊಂದು ವಿಜಯಪುರ ಇದೆ.

ಆದ್ದರಿಂದ ನಮ್ಮ ಸಲಹೆ ಸೀದಾ. ವಿಳಾಸದಲ್ಲಿ ವರ್ಷ ಮತ್ತು ಒಂದು ಕ್ರಮಸಂಖ್ಯೆ, ಅಷ್ಟೇ. ಹೊಲಕ್ಕೆ ಸರ್ವೆ ನಂಬರ್ ಇದ್ದ ಹಾಗೆ. ಪಹಣಿಯಲ್ಲಿ ಮಾಲೀಕನ ಹೆಸರು ಬದಲಾಗುತ್ತದೆ, ಬೆಳೆ ಬದಲಾಗುತ್ತದೆ, ಸಾಲದ ಕಾಲಂ ತುಂಬುತ್ತದೆ, ನಂಬರಿನ ಮೇಲೆ ಹೊಲ ಸಿಗುತ್ತದೆ. ಊರು, ತಾಲ್ಲೂಕು, ವಿಷಯ ಎಲ್ಲವೂ ಟ್ಯಾಗಿನಲ್ಲಿ, ಕನ್ನಡದಲ್ಲಿ. ಇದರಲ್ಲಿ ಕನ್ನಡಕ್ಕೆ ಅವಮಾನವೇನೂ ಇಲ್ಲ, ಇಂಗ್ಲಿಷಿಗೆ ಶರಣಾಗತಿಯೂ ಇಲ್ಲ. ಲಿಂಕು ಈಗಾಗಲೇ ಒಡೆದಿದ್ದರೆ ಹ್ಯೂಗೋದಲ್ಲಿ ಹಳೆಯ ವಿಳಾಸವನ್ನು ಅಲಿಯಾಸ್ ಎಂದು ತಲೆಭಾಗದಲ್ಲಿ ಬರೆಯಬಹುದು, ಹಳೆಯ ಲಿಂಕು ಒತ್ತಿದವರನ್ನು ಅದು ಹೊಸ ಜಾಗಕ್ಕೆ ಕರೆದೊಯ್ಯುತ್ತದೆ.

ಟ್ಯಾಗಿನಲ್ಲೂ ಬಲೆಯಿದೆ. ‘ಬಸವನ ಬಾಗೇವಾಡಿ’ ಬಿಡಿಸಿ ಬರೆದದ್ದು, ‘ಬಸವನಬಾಗೇವಾಡಿ’ ಕೂಡಿಸಿ ಬರೆದದ್ದು ಎರಡು ಬೇರೆ ಟ್ಯಾಗು. ‘ಮುದ್ದೇಬಿಹಾಳ’ದ ‘ದ್ದೇ’ಗೆ ದೀರ್ಘ ಒಬ್ಬರು ಹಾಕುತ್ತಾರೆ, ಒಬ್ಬರು ಬಿಡುತ್ತಾರೆ. ಇವು ಕಣ್ಣಿಗಾದರೂ ಕಾಣುತ್ತವೆ. ಕಾಣದವೂ ಇವೆ. ‘ಪೊಲೀಸ್’ ಎಂದು ಹೊಡೆದು ಮುಂದೆ ‘ನವರು’ ಸೇರಿಸಲು ಕಾಣದ ಬಿಡಿಸುವ ಅಕ್ಷರ ಹಾಕಿ, ಆಮೇಲೆ ‘ನವರು’ ಅಳಿಸಿದರೆ ಆ ಕಾಣದ ಅಕ್ಷರ ಅಲ್ಲೇ ಕೂತಿರುತ್ತದೆ. ತಾಣದಲ್ಲಿ ‘ಪೊಲೀಸ್’ ಎಂಬ ಎರಡು ಟ್ಯಾಗು ಅಕ್ಕಪಕ್ಕ ನಿಲ್ಲುತ್ತವೆ, ಯಾರಿಗೂ ಯಾಕೆಂದು ತಿಳಿಯುವುದಿಲ್ಲ. ಏತ್ವದ ದೀರ್ಘವನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘದ ಗುರುತು ಎಂದು ಎರಡಾಗಿಯೂ ಬರೆಯಬಹುದು. ನೋಡಲು ಒಂದೇ. ಕೆಲವು ಪರಿವರ್ತಕಗಳಿಂದ ಬಂದ ‘ಬಾಗೇವಾಡಿ’ಯೂ ನೀವು ಕೈಯಿಂದ ಹೊಡೆದ ‘ಬಾಗೇವಾಡಿ’ಯೂ ಹೀಗೆ ಬೇರೆಯಾಗಿಬಿಡಬಹುದು. ಊರುಗಳ ಹೆಸರನ್ನು ಒಂದು ಕಡತದಲ್ಲಿ ಒಮ್ಮೆ ಸರಿಯಾಗಿ ಬರೆದಿಟ್ಟು ಅಲ್ಲಿಂದಲೇ ನಕಲು ಮಾಡಿ. ಹಳೆಯದಕ್ಕೆ ಎನ್‌ಎಫ್‌ಸಿ ಎಂಬ ಯೂನಿಕೋಡ್ ಸಾಮಾನ್ಯೀಕರಣ ಓಡಿಸಿ.

ಉಳಿದವು ಸಣ್ಣವು, ಬೇಗ ಹೇಳಿ ಮುಗಿಸುತ್ತೇವೆ. ತಾಣ ಬಂತು, ಬಣ್ಣ ವಿನ್ಯಾಸ ಏನೂ ಇಲ್ಲದೆ ಬೋಳಾಗಿದೆ ಎಂದರೆ ಸಂರಚನೆಯ ಬೇಸ್ ಯುಆರ್‌ಎಲ್ ತಪ್ಪಾಗಿದೆ, ಗಿಟ್‌ಹಬ್‌ನಲ್ಲಿ ಯೋಜನೆಯ ಹೆಸರೂ ವಿಳಾಸದಲ್ಲಿ ಸೇರುತ್ತದೆ ಎಂಬುದನ್ನು ಮರೆಯಬಾರದು. ಪೂರ್ತಿ ಖಾಲಿ ಪುಟ ಬಂದರೆ ವಿನ್ಯಾಸದ ಫೋಲ್ಡರ್ ಖಾಲಿ ಇದೆಯೇ ನೋಡಿ, ಸಬ್‌ಮಾಡ್ಯೂಲ್ ಬಂದಿರುವುದಿಲ್ಲ. ನಿಮ್ಮ ಕಂಪ್ಯೂಟರಿನಲ್ಲಿ ಕಂಡ ಫೋಟೊ ಮೇಲೆ ಹೋದ ಮೇಲೆ ಕಾಣದಿದ್ದರೆ ಹೆಸರಿನ ದೊಡ್ಡಕ್ಷರ ಸಣ್ಣಕ್ಷರ ನೋಡಿ. ವಿಂಡೋಸ್ ಎರಡನ್ನೂ ಒಂದೇ ಎನ್ನುತ್ತದೆ, ಅಲ್ಲಿನ ಲಿನಕ್ಸ್ ಒಪ್ಪುವುದಿಲ್ಲ. ರೂಬಿ 3ರ ಮೇಲೆ ಹಳೆಯ ಜೆಕಿಲ್ ವೆಬ್‌ರಿಕ್ ಇಲ್ಲವೆಂದು ಅತ್ತರೆ ಅದನ್ನು ಬೇರೆಯಾಗಿ ಸೇರಿಸಿ, ರೂಬಿಯವರು ಅದನ್ನು ಮೂಲ ಗಂಟಿನಿಂದ ತೆಗೆದಿದ್ದಾರೆ. ಒತ್ತಕ್ಷರದ ಕೆಳಭಾಗ ಕತ್ತರಿಸಿಹೋದರೆ ಸಾಲಿನ ಎತ್ತರ ಹೆಚ್ಚಿಸಿ, ಇಂಗ್ಲಿಷಿಗೆ ಸಾಕಾಗುವ ಎತ್ತರ ನಮ್ಮ ‘ಸ್ತ್ರೀ’ಗೆ ಸಾಲದು. ಮುಖಪುಟದ ಸಾರಾಂಶ ‘ಮುದ್’ ಎಂದು ನಿಂತರೆ ಅಕ್ಷರ ಎಣಿಸಿ ಕತ್ತರಿಸುವ ಬದಲು ಪದ ಎಣಿಸಿ ಕತ್ತರಿಸಲು ಹೇಳಿ. ಪುಟದ ಭಾಷೆ ಇಂಗ್ಲಿಷ್ ಎಂದು ವಿನ್ಯಾಸದಲ್ಲಿ ಬರೆದಿದ್ದರೆ ಕನ್ನಡ ಎಂದು ಬದಲಿಸಿ. ಕಣ್ಣು ಕಾಣದವರ ಫೋನು ಓದಿ ಹೇಳುವಾಗ ಆ ಒಂದು ಪದವನ್ನೇ ನೆಚ್ಚಿರುತ್ತದೆ.

ಒಂದು ವಿಷಯದಲ್ಲಿ ಮಾತ್ರ ಅವಸರ ಮಾಡಬೇಡಿ. ಕಲಿಸುವ ವಿಡಿಯೊಗಳಲ್ಲಿ ಇದನ್ನು ಹೇಳುವವರು ಕಡಿಮೆ, ಯಾಕೆಂದರೆ ಅವರು ತೋರಿಸುವುದು ಅಡುಗೆ ಮತ್ತು ಪ್ರವಾಸದ ತಾಣ. ‘ಡ್ರಾಫ್ಟ್’ ಎಂದು ಗುರುತು ಹಾಕಿದ ಬರಹ ತಾಣದಲ್ಲಿ ಬರುವುದಿಲ್ಲ, ನಿಜ. ಆದರೆ ಗಿಟ್‌ಹಬ್‌ನ ಭಂಡಾರ ಸಾರ್ವಜನಿಕವಾಗಿದ್ದರೆ ಆ ಕಡತವನ್ನು ಯಾರು ಬೇಕಾದರೂ ತೆರೆದು ಓದಬಹುದು. ಅದರಲ್ಲಿ ಮಾಹಿತಿ ಕೊಟ್ಟ ಗುಮಾಸ್ತನ ಹೆಸರಿರಬಹುದು. ಪೋಕ್ಸೊ ಪ್ರಕರಣದ ಮಗುವಿನ ಊರು, ಶಾಲೆ ಇರಬಹುದು. 2012ರ ಆ ಕಾಯ್ದೆಯ 23ನೇ ಕಲಮು ಮಗುವಿನ ಗುರುತು ಬಹಿರಂಗಪಡಿಸುವುದನ್ನು ಮಾಧ್ಯಮಗಳಿಗೆ ನಿಷೇಧಿಸಿದೆ, ‘ಡ್ರಾಫ್ಟ್ ಆಗಿತ್ತು’ ಎಂಬ ಉತ್ತರವನ್ನು ನೆಚ್ಚಿಕೊಂಡು ಯಾರೂ ಕೂರಬೇಡಿ. ಮರುದಿನ ಹೆಸರು ಅಳಿಸಿ ಮತ್ತೆ ಏರಿಸಿದರೂ ಗಿಟ್ ಹಳೆಯ ಪ್ರತಿಯನ್ನು ಇತಿಹಾಸದಲ್ಲಿ ಜೋಪಾನವಾಗಿ ಇಟ್ಟಿರುತ್ತದೆ, ಅದರ ಕೆಲಸವೇ ಅದು. ಭಂಡಾರವನ್ನು ಖಾಸಗಿ ಮಾಡಿ. ಅದಕ್ಕಿಂತ ಒಳ್ಳೆಯದು, ಪ್ರಕಟಣೆಗೆ ಸಿದ್ಧವಾಗದ ಬರ್ದನ್ನು ಆ ಫೋಲ್ಡರಿನೊಳಗೆ ತರಲೇಬೇಡಿ.

ಫೋಟೊ ಕೂಡ ಹಾಗೇ. ಫೋನಿನಲ್ಲಿ ತೆಗೆದ ಚಿತ್ರದೊಳಗೆ ತೆಗೆದ ಜಾಗದ ಅಕ್ಷಾಂಶ ರೇಖಾಂಶ ಇರಬಹುದು. ಮುಖ ಮಸುಕು ಮಾಡಿ ಹಾಕಿದ ಹೆಂಗಸಿನ ಮನೆಯ ಅಂಗಳವನ್ನು ಆ ಅಂಕಿಗಳು ನಕ್ಷೆಯಲ್ಲಿ ತೋರಿಸುತ್ತವೆ. ಸ್ಟ್ಯಾಟಿಕ್ ತಾಣ ನೀವು ಕೊಟ್ಟ ಕಡತವನ್ನು ಇದ್ದಹಾಗೆ ಮೇಲೆ ಇಡುತ್ತದೆ. ಚಿತ್ರವನ್ನು ಚಿಕ್ಕದು ಮಾಡುವಾಗಲೇ ಈ ಮಾಹಿತಿಯನ್ನೂ ತೆಗೆದುಹಾಕಿ. ಚಿಕ್ಕದು ಮಾಡುವುದಂತೂ ಹೇಗೂ ಬೇಕು. ಗಿಟ್‌ಹಬ್ ಪುಟಗಳ ತಾಣಕ್ಕೆ ಮಿತಿ ಒಂದು ಜಿಬಿ, ಐದು ಎಂಬಿಯ ಫೋಟೊ ಹಾಗೇ ಏರಿಸಿದರೆ ಇನ್ನೂರಕ್ಕೆ ಮುಗಿಯಿತು.

ಇಷ್ಟೆಲ್ಲ ತ್ರಾಸು ಯಾಕ್ರೀ, ಫೇಸ್‌ಬುಕ್ಕಿನಲ್ಲಿ ಜನ ಇದ್ದಾರಲ್ಲ ಎಂದು ಅಣ್ಣ ಕೇಳುತ್ತಾನೆ. ಜನ ಇದ್ದಾರೆ, ಲಿಂಕು ಅಲ್ಲಿ ಹಾಕೋಣ, ಬೇಡ ಎಂದವರು ಯಾರು? ಬರಹ ಇರಬೇಕಾದ ಜಾಗದ ಬಗ್ಗೆ ನಾವು ಮಾತಾಡುತ್ತಿದ್ದೇವೆ. ಈ ಜಿಲ್ಲೆಯಲ್ಲೇ ಫ.ಗು. ಹಳಕಟ್ಟಿ ಎಂಬ ವಕೀಲರು ತಾಳೆಗರಿ ಕೂಡಿಸಿ 1923ರಲ್ಲಿ ‘ವಚನಶಾಸ್ತ್ರ ಸಾರ’ ಪ್ರಕಟಿಸಿದರು. ಊರಾಚೆಯ ಅಚ್ಚುಕೂಟಗಳನ್ನು ಎಷ್ಟು ದಿನ ಕಾಯುವುದು ಎಂದು 1925ರಲ್ಲಿ ಇಲ್ಲೇ ‘ಹಿತಚಿಂತಕ’ ಮುದ್ರಣಾಲಯ ಹಾಕಿದರು, ಮರುವರ್ಷ ‘ಶಿವಾನುಭವ’ ಪತ್ರಿಕೆ ತಂದರು. ಅದಕ್ಕಾಗಿ ಮನೆ ಮಾರಿದರು ಎಂದು ಜಿಲ್ಲೆಯ ಹಿರಿಯರು ಈಗಲೂ ಹೇಳುತ್ತಾರೆ. ‘ಬಿಜಾಪುರದಾಗ ಅಚ್ಚು ಹಾಕೋದು ಆಗಂಗಿಲ್ಲ’ ಎಂದು ಅವರಿಗೂ ಯಾರಾದರೂ ಅಣ್ಣ ಹೇಳಿರಲಿಕ್ಕೆ ಸಾಕು. ನಮಗೆ ಯಾರೂ ಮನೆ ಮಾರಲು ಹೇಳುತ್ತಿಲ್ಲ. ಒಂದು ಫೋಲ್ಡರ್, ಒಂದಿಷ್ಟು ಶುದ್ಧ ಪಠ್ಯದ ಕಡತ, ದೋಷದ ಸಾಲನ್ನು ಕೊನೆತನಕ ಓದುವ ತಾಳ್ಮೆ, ಇಷ್ಟನ್ನೇ ಕೇಳುತ್ತಿದ್ದಾರೆ.

ಡೆಸ್ಕಿನವರಿಗೆ ಒಂದು ಮಾತು ಉಳಿದಿದೆ. ಈ ತಿಂಗಳಿಂದ ನಾವು ನಾಲ್ಕು ತಾಲ್ಲೂಕಿನವರು ಕಾಪಿ ಕಳಿಸುವುದು ಯೂನಿಕೋಡಿನಲ್ಲಿ. ನಿಮ್ಮ ಪುಟಕ್ಕೆ ನುಡಿಯೇ ಬೇಕಿದ್ದರೆ ನೀವೇ ಪರಿವರ್ತಿಸಿಕೊಳ್ಳಿ. ಯೂನಿಕೋಡಿನಿಂದ ನುಡಿಗೆ ಹೋಗುವ ದಾರಿ ಇಳಿಜಾರು, ಏರಬೇಕಾದ ದಿಕ್ಕನ್ನು ಇಷ್ಟು ವರ್ಷ ನಾವು ಏರಿದ್ದೇವೆ. ಮೇಲ್‌ನಲ್ಲಿ ‘ಓಪನ್ ಆಗ್ತಿಲ್ಲ, ನುಡಿಯಲ್ಲಿ ಕಳಿಸಿ’ ಎಂದು ಉತ್ತರ ಬಂದರೆ ಅದೇ ಕಾಪಿಯನ್ನು ಮತ್ತೊಮ್ಮೆ ಯೂನಿಕೋಡಿನಲ್ಲೇ ಕಳಿಸುತ್ತೇವೆ.